ಹೌಸಾಬಾಯಿ ಕಿವಿಗೊಡದ ನೆಲ

ಕಬನೂರಿನ ಸಖಾರಾಮನಿಗೆ ಹುಟ್ಟಾ ಪುಕ್ಕಲ ಎಂದು ಹೆಸರು. ಅದು ಸುಳ್ಳು. ಹುಟ್ಟುವಾಗ ಅವನೂ ಎಲ್ಲರಂತೆಯೇ ಹುಟ್ಟಿದ. ಪುಕ್ಕಲನಾದದ್ದು ನಲವತ್ತು ದಾಟಿದ ಮೇಲೆ. ರಸ್ತೆ ದಾಟುವ ಮೊದಲು ನಾಲ್ಕು ಸಲ ಕತ್ತು ತಿರುಗಿಸುತ್ತಾನೆ. ಚಹಾದಂಗಡಿಯಲ್ಲಿ ಗೋಡೆಗೆ ಬೆನ್ನು ಹಚ್ಚಿಯೇ ಕೂಡುತ್ತಾನೆ. ಎದುರಿನವರು ಮಾತಾಡುವಾಗ ಅವರ ಮುಖದಿಂದ ಕಣ್ಣು ಕೀಳುವುದಿಲ್ಲ. ಇದನ್ನು ನೋಡಿ ನಗುವವರು ನಗುತ್ತಿದ್ದರು, ನಗುವುದಕ್ಕೇನು ದುಡ್ಡು ಕೊಡಬೇಕೇ? ನಿಜವೆಂದರೆ ಆ ಮನುಷ್ಯನಿಗೆ ಕಿವಿ ಕೇಳಿಸುತ್ತಿರಲಿಲ್ಲ. ಅದು ಊರಿಗೆ ಗೊತ್ತಾದೀತು ಎಂಬ ಒಂದೇ ಹೆದರಿಕೆಯಲ್ಲಿ ಅವನು ಉಳಿದೆಲ್ಲ ಹೆದರಿಕೆಗಳನ್ನು ಸಾಕಿಕೊಂಡಿದ್ದ.

ಅವನ ಅಪ್ಪ ರಾಯಬಾಗದ ಕಡೆಯಿಂದ ಕಬನೂರಿನ ಪಕ್ಕದ ಇಚಲಕರಂಜಿಗೆ ಮಗ್ಗದ ಕಾರ್ಖಾನೆಯ ಕೆಲಸಕ್ಕೆ ಬಂದವನು. ಮಗನೂ ಮೀಸೆ ಮೂಡುವ ಮೊದಲೇ ಅದೇ ಕಾರ್ಖಾನೆ ಹೊಕ್ಕ. ಮುಂದೆ ಮೂವತ್ತು ವರ್ಷ, ಎಡಕ್ಕೆರಡು ಬಲಕ್ಕೆರಡು ಪಾವರ್‌ಲೂಮ್ ಇಟ್ಟುಕೊಂಡು ನಡುವೆ ನಿಂತ. ಆ ಸದ್ದಿನಲ್ಲಿ ಸಿಡಿಲು ಬಿದ್ದರೂ ಗೊತ್ತಾಗುವುದಿಲ್ಲ. ಅಲ್ಲಿ ಯಾರೂ ಬಾಯಿ ತೆರೆದು ಕೂಗುವುದಿಲ್ಲ. ತುಟಿ ಆಡಿಸುತ್ತಾರೆ, ಬೆರಳು ಆಡಿಸುತ್ತಾರೆ, ಆ ಕಡೆಯವನು ನೋಡಿ ತಿಳಿದುಕೊಳ್ಳುತ್ತಾನೆ. ಸಖಾರಾಮ ಕನ್ನಡದ ತುಟಿಯನ್ನೂ ಓದುತ್ತಿದ್ದ, ಮರಾಠಿಯ ತುಟಿಯನ್ನೂ ಓದುತ್ತಿದ್ದ. ಹಾಗಾಗಿ ಕಿವಿ ಎಂದು ಕೈಕೊಟ್ಟಿತು ಎನ್ನುವುದು ಅವನಿಗೇ ಸರಿಯಾಗಿ ತಿಳಿಯಲಿಲ್ಲ. ಒಂದು ದಿನ ಮನೆಯಲ್ಲಿ ಕುಕ್ಕರ್ ಸೀಟಿ ಹೊಡೆಯುವುದನ್ನು ಬಿಟ್ಟಿದೆ ಅನಿಸಿತು. ಕುಕ್ಕರ್ ಚೆನ್ನಾಗಿಯೇ ಇತ್ತು.

ಹೇಳಿಕೊಂಡರೆ ಏನಾಗುತ್ತದೆ ಎನ್ನುವುದನ್ನು ಅವನು ಕಣ್ಣಾರೆ ಕಂಡಿದ್ದ. ಪಕ್ಕದ ಮಗ್ಗದ ಭೂಪಾಲ ಒಳ್ಳೆಯವನು, ಕಪಟ ಅರಿಯದವನು. ತನಗೆ ಕೇಳಿಸುವುದಿಲ್ಲ ಎಂದು ಒಂದು ದಿನ ಮಾಲೀಕನ ಮುಂದೆ ಅಂದುಬಿಟ್ಟ. ಮರುದಿನ ಅವನ ಕೈಗೆ ಕಸಬರಿಗೆ ಬಂತು. ವಾರದೊಳಗೆ ಭೂಪಾಲ ಹೋಗಿ ಕಿವುಡ ಆದ, ಸಾಯುವವರೆಗೂ ಕಿವುಡನಾಗಿಯೇ ಉಳಿದ. ಹೆಣದ ಮುಂದೆ ನಿಂತವರೂ ‘ಪಾಪ, ಕಿವುಡ ಹೋದ’ ಎಂದೇ ಅಂದರು.

ಆಮೇಲೆ ಕಾರ್ಖಾನೆಗೆ ಹೊಸ ಯಂತ್ರಗಳು ಬಂದವು, ಹಳೆಯ ಮಗ್ಗಗಳು ಮೋಡಕಾ ಅಂಗಡಿಯ ಗುಜರಿಗೆ ಹೋದವು, ಮಗ್ಗದ ಜೊತೆ ಮನುಷ್ಯರೂ ಹೋದರು. ಸಖಾರಾಮ ನೆಲಹಾಸು ಮಾರುವ ಜಿನಗೊಂಡನ ಅಂಗಡಿಯ ಮುಂದೆ ನಿಂತು ಹೊಸ ಕಸುಬು ಕಲಿತ. ಸ್ಟಿಕರ್ ಫರ್ಸಿ: ತೆಳ್ಳಗಿನ ಪ್ಲಾಸ್ಟಿಕ್ ಹಾಸು, ಬೆನ್ನಿಗೆ ಅಂಟು, ಅಂಟಿನ ಮೇಲೆ ಕಾಗದ. ಕಾಗದ ಸುಲಿದು ನೆಲಕ್ಕೆ ಒತ್ತಿದರೆ ಮುಗಿಯಿತು, ನೋಡಲು ಥೇಟ್ ಅಮೃತಶಿಲೆ. ಸಿಮೆಂಟಿನ ನೆಲಕ್ಕಾದರೆ ಯಾರು ಬೇಕಾದರೂ ಅಂಟಿಸುತ್ತಾರೆ. ಹಳೆಯ ಮನೆಗಳ ಮರದ ಮಾಳಿಗೆಗೆ ಅಂಟಿಸುವುದು ಮಾತ್ರ ಕೈ ಪಳಗಿದವರ ಕೆಲಸ. ಒಂದು ಹಲಗೆ ಉಬ್ಬಿರುತ್ತದೆ, ಇನ್ನೊಂದು ತಗ್ಗಿರುತ್ತದೆ, ನಡುವಿನ ಸಂದಿಯಲ್ಲಿ ನಾಣ್ಯ ಬಿದ್ದರೆ ಕೆಳಮನೆಯವರಿಗೆ ಲಾಭ. ಉಬ್ಬನ್ನು ಹತ್ತರಿ ಹೊಡೆದು ಕೆತ್ತಬೇಕು, ತಗ್ಗಿಗೆ ಪುಟ್ಟಿ ತುಂಬಬೇಕು, ಮೇಲೆ ತೆಳು ಪ್ಲಾಯ್‌ವುಡ್ ಹಾಸಿ ಗೇಣಿಗೊಂದು ಸ್ಕ್ರೂ ಬಿಗಿಯಬೇಕು, ಆಮೇಲೆ ಫರ್ಸಿ. ಇದೆಲ್ಲಕ್ಕೂ ಮೊದಲು ಒಂದೊಂದು ಹಲಗೆಯನ್ನೂ ತಟ್ಟಿ ನೋಡಬೇಕು. ಗಟ್ಟಿ ಮರ ಒಂದು ಥರ ಸದ್ದು ಮಾಡುತ್ತದೆ, ಹುಳು ತಿಂದ ಪೊಳ್ಳು ಮರ ಇನ್ನೊಂದು ಥರ. ಪೊಳ್ಳಿನ ಮೇಲೆ ಫರ್ಸಿ ಅಂಟಿಸುವುದೆಂದರೆ ಬಾವಿಯ ಬಾಯಿಗೆ ಚಾಪೆ ಹಾಸಿದ ಹಾಗೆ.

ತಟ್ಟುತ್ತಿದ್ದವನು ಸಖಾರಾಮ, ಕೇಳುತ್ತಿದ್ದವಳು ಅವನ ಹೆಂಡತಿ ಹೌಸಾಬಾಯಿ. ಬುತ್ತಿ ಕಟ್ಟಿಕೊಂಡು ಗಂಡನ ಜೊತೆ ಕೆಲಸಕ್ಕೆ ಬರುವಳು, ಹೊಸ್ತಿಲ ಮೇಲೆ ಕೂತು ಅಕ್ಕಿಯಲ್ಲಿ ಕಲ್ಲು ಆರಿಸುವಳು. ಅವನು ಸುತ್ತಿಗೆಯ ಹಿಡಿಯಿಂದ ಹಲಗೆ ತಟ್ಟಿ, ದೊಡ್ಡ ಪಂಡಿತನ ಹಾಗೆ ಕತ್ತು ಓರೆ ಮಾಡಿ, ಅವಳ ಕಡೆ ಒಂದು ನೋಟ ಬೀರುವನು. ಗಟ್ಟಿಯಿದ್ದರೆ ಅವಳು ಸುಮ್ಮನಿರುವಳು, ಪೊಳ್ಳಾದರೆ ಕೆನ್ನೆ ಮುಟ್ಟಿಕೊಳ್ಳುವಳು. ಮನೆಯವರಿಗೆ ಕಾಣುತ್ತಿದ್ದದ್ದು ಗಂಡನನ್ನು ಬಿಟ್ಟಿರಲಾರದ ಹೆಂಡತಿ ಮಾತ್ರ. ಹೀಗೆ ಆರು ವರ್ಷ, ಇಚಲಕರಂಜಿ, ಹಾತಕಣಂಗಲೆ, ಕೊಲ್ಹಾಪುರದ ಪೇಟೆಗಳಲ್ಲಿ ಈ ಇಬ್ಬರು ಎರಡು ಕಿವಿ ಎರಡು ಕೈಗಳಿಂದ ಸಂಸಾರ ಸಾಗಿಸಿದರು. ಒಂದು ನೆಲವೂ ಕೈಕೊಟ್ಟಿರಲಿಲ್ಲ.

ಮೊನ್ನೆಯ ಮಳೆಗಾಲ ಮುಗಿಯುತ್ತಿದ್ದಾಗ ಗಡಹಿಂಗ್ಲಜದಲ್ಲಿದ್ದ ಮಗಳು ಮನಿಷಾಗೆ ಡೆಂಗ್ಯೂ ಆಯಿತು. ಹೌಸಾಬಾಯಿ ಬಸ್ ಹತ್ತಿದಳು. ಹತ್ತುವಾಗ ಗಂಡನ ಕಣ್ಣ ಮುಂದೆ ನಿಂತು ನಿಧಾನವಾಗಿ ತುಟಿ ಆಡಿಸಿದಳು: "ಮರದ ಕೆಲಸ ಯಾರರೆ ಹೇಳಿದ್ರ ಒಪ್ಪಬ್ಯಾಡ್ರಿ. ನಾ ಬರೂತನಾ ಸಿಮೆಂಟ್ ಅಷ್ಟ."

"ಆತು ಆತು," ಎಂದ ಸಖಾರಾಮ.

ಅವಳು ಹೋದ ಮೂರನೆಯ ದಿನ ದಾದಾಸಾಹೇಬರು ಕರೆಸಿದರು. ಊರ ಹಳೆಯ ಭಾಗದಲ್ಲಿ ಅವರ ಅಜ್ಜನ ಕಾಲದ ಮನೆ. ಕೆಳಗೆ ನಾಲ್ಕು ಮಗ್ಗ, ಮೇಲೆ ಮರದ ಮಾಳಿಗೆ. ಮಗಳು ವೃಷಾಲಿ ಚೊಚ್ಚಲ ಬಾಣಂತನಕ್ಕೆ ತವರಿಗೆ ಬಂದಿದ್ದಳು, ಹೆಣ್ಣು ಮಗುವಾಗಿತ್ತು. ಹನ್ನೆರಡನೆಯ ದಿನ ಬಾರಸೆ, ಅಂದರೆ ತೊಟ್ಟಿಲು ಕಟ್ಟಿ ಹೆಸರಿಡುವುದು. ಅಷ್ಟರೊಳಗೆ ಮಾಳಿಗೆಗೆ ಫರ್ಸಿ ಆಗಬೇಕು. ದಾದಾಸಾಹೇಬರು ಒಳ್ಳೆಯ ಮನುಷ್ಯ, ಆದರೆ ಅವರ ಮೀಸೆ ಕೆಟ್ಟದ್ದು. ಮೇಲ್ತುಟಿ ದಾಟಿ ಕೆಳತುಟಿಯ ಮೇಲೆ ಇಳಿಬಿದ್ದ ಆ ಪೊದೆಯ ಹಿಂದೆ ಯಾವ ಮಾತು ಆಡುತ್ತಿದೆಯೋ ಸಖಾರಾಮನಿಗೆ ಅರ್ಧ ಮಾತ್ರ ಸಿಗುತ್ತಿತ್ತು. ಉಳಿದರ್ಧಕ್ಕೆ ಅವನು ತಲೆಯಾಡಿಸಿದ. ಹಾಗೆ ತಲೆಯಾಡಿಸುತ್ತಲೇ ಕೆಲಸ ಒಪ್ಪಿಕೊಂಡಿದ್ದ.

ಕೆಲಸದ ದಿನ ಕೆಳಗೆ ನಾಲ್ಕೂ ಮಗ್ಗ ಓಡುತ್ತಿದ್ದವು. ಸಖಾರಾಮ ಹಲಗೆ ತಟ್ಟಿದ. ಯಾರ ಕಡೆ ನೋಡುವುದು? ಚಪ್ಪಲಿ ಬಿಟ್ಟು ಬರಿಗಾಲಲ್ಲಿ ನಿಂತ. ಮಗ್ಗದವರಿಗೆ ಅಂಗಾಲೇ ಎರಡನೆಯ ಕಿವಿ. ಎಳೆ ಹರಿದದ್ದು, ಪಟ್ಟಾ ಸಡಿಲಾದದ್ದು ಮೊದಲು ತಿಳಿಯುವುದು ಕಾಲಿಗೆ. ಆದರೆ ಇಲ್ಲಿ ಮಗ್ಗದ ನಡುಕ ಮಾಳಿಗೆಯನ್ನೆಲ್ಲ ಹಿಡಿದಿತ್ತು. ಗಟ್ಟಿ ಹಲಗೆಯೂ ಗುಂಯ್ ಎನ್ನುತ್ತಿತ್ತು, ಪೊಳ್ಳು ಹಲಗೆಯೂ ಗುಂಯ್ ಎನ್ನುತ್ತಿತ್ತು. ಮಗ್ಗ ನಿಲ್ಲಿಸಿರಿ ಎಂದು ಒಂದು ಮಾತು ಹೇಳಿದ್ದರೆ ಸಾಕಿತ್ತು. ಹೇಳಲಿಲ್ಲ. ಮಗ್ಗ ನಿಂತರೆ ಮನೆ ನಿಶ್ಶಬ್ದವಾಗುತ್ತದೆ, ದಾದಾಸಾಹೇಬರೂ ಮೇಲೆ ಬಂದು ಕಿವಿಗೊಡುತ್ತಾರೆ. ಅವರ ಕಿವಿಗೆ ಪೊಳ್ಳೆಂದು ಕೇಳಿಸಿದ್ದನ್ನು ತಾನು ಗಟ್ಟಿ ಎಂದುಬಿಟ್ಟರೆ? ಕಸಬರಿಗೆ ಹಿಡಿದ ಭೂಪಾಲ ಕಣ್ಣ ಮುಂದೆ ಬಂದ. ಸಖಾರಾಮ ಹಲಗೆಗೆಲ್ಲ ಒಂದೊಂದು ಪೆಟ್ಟು ಹಾಕಿ, ಕತ್ತು ಓರೆ ಮಾಡಿ, ಬಾಗಿಲಲ್ಲಿ ನಿಂತಿದ್ದ ದಾದಾಸಾಹೇಬರಿಗೆ ಹೇಳಿದ:

"ಕಬ್ಬಿಣ ಇದ್ದಂಗ ಐತ್ರಿ ಮಾಲಕ್ರ. ನಿಮ್ಮ ಅಜ್ಜಾರು ಛಲೋ ಸಾಗವಾನಿ ಹಾಕ್ಯಾರ."

ಮೀಸೆ ಅಲುಗಿತು. ಸಂತೋಷಪಟ್ಟಿರಬೇಕು.

ಮಧ್ಯಾಹ್ನ ಮೂಡಣ ಗೋಡೆಯ ಮೂಲೆಯಲ್ಲಿ ಪ್ಲಾಯ್‌ವುಡ್ ಬಿಗಿಯುವಾಗ ಸ್ಕ್ರೂ ಹಿಡಿಯಲಿಲ್ಲ. ಸುಮ್ಮನೆ ಗರಗರ ತಿರುಗಿತು. ಇನ್ನೂ ಉದ್ದದ ಸ್ಕ್ರೂ ಹಾಕಿದ, ಅದೂ ತಿರುಗಿತು. ಹೊರಗೆ ತೆಗೆದಾಗ ಅದರ ಹಲ್ಲುಗಳಿಗೆ ಹಳದಿ ಹಿಟ್ಟಿನಂಥ ಧೂಳು ಮೆತ್ತಿಕೊಂಡಿತ್ತು. ಅದೇನೆಂದು ಅವನಿಗೆ ಗೊತ್ತಿರಲಿಲ್ಲ ಎಂದರೆ ನಾನು ನಂಬುವುದಿಲ್ಲ. ಗೊತ್ತಿತ್ತು. ಧೂಳನ್ನು ಊದಿ, ತೂತಿಗೆ ಪುಟ್ಟಿ ತುಂಬಿ, ಮೇಲೆ ಫರ್ಸಿ ಒತ್ತಿದ. ಸಂಜೆಗೆ ಮಾಳಿಗೆ ಕನ್ನಡಿಯಾಗಿತ್ತು. ಮನೆಯ ಹೆಂಗಸರು ಬಂದು ನೋಡಿ ಬಾಯಿ ಮೇಲೆ ಕೈಯಿಟ್ಟುಕೊಂಡರು. ಹಿಂದೆ ಆ ಮೂಲೆಯ ಹಲಗೆ ಸ್ವಲ್ಪ ಬಗ್ಗಿತ್ತು, ಮನೆಯವರು ತಿಳಿಯದೆಯೇ ಅದನ್ನು ಸುತ್ತಿ ಹೋಗುತ್ತಿದ್ದರು. ಈಗ ಸುತ್ತಿ ಹೋಗಲು ಗುರುತೇ ಇರಲಿಲ್ಲ. ಗುರುತನ್ನು ಅಳಿಸಿದವನು ತಾನೇ ಎನ್ನುವುದು ಸಖಾರಾಮನಿಗೆ ಮನೆ ಮುಟ್ಟಿ ಕೈಕಾಲು ತೊಳೆಯುವಾಗ ಹೊಳೆಯಿತು.

ಮುಂದಿನ ಮೂರು ದಿನ ಅವನು ಉಂಡದ್ದು ಅಷ್ಟಕ್ಕಷ್ಟೆ. ಬಾರಸೆಗೆ ಎಷ್ಟು ಹೆಂಗಸರು ಬಂದಾರು? ಮೂವತ್ತು, ನಲವತ್ತು. ತೊಟ್ಟಿಲ ಸುತ್ತ ಹೆಂಗಸರು ಹೇಗೆ ಮುತ್ತಿಕೊಳ್ಳುತ್ತಾರೆ ಎಂದು ಗೊತ್ತಿಲ್ಲವೇ? ಕೆಳಗೆ ಕಬ್ಬಿಣದ ಮಗ್ಗಗಳು. ಹೋಗಿ ಹೇಳಿಬಿಡುತ್ತೇನೆ ಎಂದು ಎರಡು ಸಲ ಆ ಓಣಿಯವರೆಗೂ ಹೋದ, ಎರಡು ಸಲವೂ ತಿರುಗಿ ಬಂದ. ಏನಾಗುವುದಿಲ್ಲ ಬಿಡು, ನೂರು ವರ್ಷದಿಂದ ಬೀಳದ ಮಾಳಿಗೆ ಈಗೇಕೆ ಬಿದ್ದೀತು ಎಂದು ತನಗೆ ತಾನೇ ಹೇಳಿಕೊಂಡ.

ಬಾರಸೆಯ ದಿನ ಬೆಳಗ್ಗೆ ಹತ್ತರ ಬಸ್ಸಿಗೆ ಹೌಸಾಬಾಯಿ ಬಂದಿಳಿದಳು. ಮನೆಯ ಹೊಸ್ತಿಲ ಮೇಲೆ ಕೂತಿದ್ದ ಗಂಡನ ಮುಖ ನೋಡಿ ಚೀಲ ಕೆಳಗಿಟ್ಟಳು.

"ಏನ್ ಮಾಡೀರಿ?"

"ದಾದಾಸಾಹೇಬರ ಮಾಳಗಿ ಮಾಡೇನಿ."

"ಮರದ್ದ? ಹಲಗಿ ಸದ್ದ ಯಾರ ಕೇಳಿದ್ರು?"

ಸಖಾರಾಮ ಸ್ಕ್ರೂ ತಿರುಗಿದ್ದನ್ನು ಹೇಳಿದ, ಹಳದಿ ಧೂಳನ್ನು ಹೇಳಿದ. ಇವತ್ತು ಬಾರಸೆ ಎನ್ನುವುದನ್ನು ಕೊನೆಗೆ ಹೇಳಿದ. ಹೌಸಾಬಾಯಿ ಬೈಯಲಿಲ್ಲ. ಬೈದಿದ್ದರೆ ಅವನಿಗೆ ಇಷ್ಟು ಹೆದರಿಕೆ ಆಗುತ್ತಿರಲಿಲ್ಲ. "ನಡೀರಿ," ಎಂದಳು, ಮನೆಯ ಒಳಗೂ ಹೋಗದೆ ಬಂದ ದಾರಿಗೇ ತಿರುಗಿದಳು.

ದಾದಾಸಾಹೇಬರ ಅಂಗಳದಲ್ಲಿ ಚಪ್ಪರ ಹಾಕಿದ್ದರು. ಶುಭಕಾರ್ಯವೆಂದು ಮಗ್ಗ ನಿಲ್ಲಿಸಿದ್ದರು. ಗಂಡಸರು ಕೆಳಗೆ ಕುರ್ಚಿಗಳ ಮೇಲೆ ಕೂತಿದ್ದರು, ಹೆಂಗಸರೆಲ್ಲ ಮೇಲೆ. ಹೌಸಾಬಾಯಿ ಸೆರಗು ಸರಿಮಾಡಿಕೊಂಡು, ಕರೆದವಳ ಹಾಗೆಯೇ ಮೆಟ್ಟಿಲು ಹತ್ತಿದಳು. ಸಖಾರಾಮ ಅಂಗಳದಲ್ಲಿ ನಿಂತು ಮಾಳಿಗೆಯ ಕಿಟಕಿಯನ್ನೇ ನೋಡಿದ. ಒಳಗೆ ಹಸಿರು ಸೀರೆಗಳು, ಮಲ್ಲಿಗೆ ತುರುಬುಗಳು ಓಡಾಡುತ್ತಿದ್ದವು.

ಮೂಡಣ ಮೂಲೆಯನ್ನು ಹಿಮ್ಮಡಿಯಿಂದ ತಟ್ಟಿ ಕೇಳಿದ ಹೌಸಾಬಾಯಿಯ ಮುಖ ಕಿಟಕಿಗೆ ಬಂತು. ಕೆನ್ನೆ ಮುಟ್ಟಿಕೊಂಡಳು. ಆಮೇಲೆ ಆರು ಬೆರಳು ತೋರಿಸಿದಳು, ಆರು ಹಲಗೆ. ಆಮೇಲೆ ಅಂಗೈ ಅಡ್ಡ ಹಿಡಿದು ತುದಿಯನ್ನು ಕೆಳಗೆ ಬಗ್ಗಿಸಿದಳು. ತೊಲೆಯ ತುದಿಯೇ ಹೋಗಿದೆ. ತುಟಿ ಆಡಿಸಿದಳು: "ಕೂಗಬ್ಯಾಡ್ರಿ. ಎಲ್ಲಾರೂ ಒಮ್ಮೆ ಓಡಿದ್ರ ಬೀಳ್ತೈತಿ. ಊಟಕ್ಕ ಅಂತ ಇಬ್ಬಿಬ್ಬರನ್ನ ಕಳಸ್ತೇನಿ. ನೀವ ಮಾಲಕ್ರಿಗೆ ಹೇಳ್ರಿ."

ಮೊದಲು ಇಳಿದು ಬಂದವಳು ವೃಷಾಲಿ, ಎದೆಗವಚಿದ ಕೂಸಿನ ಜೊತೆ. ಹೆಸರಿಡುವ ಮೊದಲೇ ಏಕೆ ಕೆಳಗೆ ಕಳಿಸಿದರೆಂದು ಅವಳ ಮುಖ ಗೊಂದಲದಲ್ಲಿತ್ತು. ದಾದಾಸಾಹೇಬರು ಸಿಟ್ಟಾಗಿ ಎದ್ದರು. ಸಖಾರಾಮ ಅವರ ಮುಂದೆ ಹೋಗಿ ಕೈಮುಗಿದ.

"ಮಾಲಕ್ರ, ಮಾಳಗಿ ಪೊಳ್ಳ ಐತಿ. ಮೂಡಣ ಗ್ವಾಡಿ ಕಡೆ. ಎಲ್ಲಾರನೂ ಸಾವಕಾಶ ಇಳಸ್ರಿ."

ದಾದಾಸಾಹೇಬರು ಏನೋ ಅಂದರು. ಮೀಸೆ. ಅವರ ಪಕ್ಕದಲ್ಲಿ ಹರ್ಷದ ಎಂಬ ತಮ್ಮನಿದ್ದ, ನುಣ್ಣಗೆ ಕ್ಷೌರ ಮಾಡಿದ ಮುಖ. ಅವನ ತುಟಿ ಓದಿದ ಸಖಾರಾಮ: "ಮೊನ್ನಿ ನೀನ ತಟ್ಟಿ ನೋಡಿ ಕಬ್ಬಿಣ ಅಂದಿಯಲ್ಲೋ? ಕುಡದೀ ಏನ್?"

"ತಟ್ಟಿದ್ದ ಖರೆ. ಕೇಳಿಲ್ಲ. ನನಗ ಕೇಳಸೂದಿಲ್ರಿ. ಹತ್ತ ವರ್ಷ ಆತು."

ಅಂಗಳದ ಗಂಡಸರು ನಕ್ಕರು. ಇಷ್ಟು ಹೊತ್ತು ಮಾತಿಗೆ ಮಾತು ಕೊಡುತ್ತಿರುವವನು ಕಿವುಡನಂತೆ! ಹಿರಿಯನೊಬ್ಬ ಕೈ ಬೀಸಿ, ಇವನನ್ನು ಹೊರಗೆ ಹಾಕಿರಿ ಎಂದ. ಮೇಲೆ ಇನ್ನೂ ಇಪ್ಪತ್ತು ಹೆಂಗಸರಿದ್ದರು. ತನ್ನ ಹೆಂಡತಿಯೂ ಇದ್ದಳು. ಹತ್ತು ವರ್ಷ ಮುಚ್ಚಿಟ್ಟದ್ದನ್ನು ಬಾಯಿಬಿಟ್ಟು ಹೇಳಿದರೂ ನಂಬುವವರಿಲ್ಲ ಎಂದರೆ ಇದೆಂಥ ಶಿಕ್ಷೆ! ಸಖಾರಾಮನಿಗೆ ಅಳು ಬಂತು.

"ನಾ ಬೆನ್ನ ತಿರಗಸ್ತೇನಿ," ಎಂದ. "ಏನರೆ ಬೈರಿ. ಅವ್ವಗ ಬೈರಿ, ಅಪ್ಪಗ ಬೈರಿ. ನಾ ತಿರಗಿದ್ರ ನನ್ನ ಒದ್ದ ಹೊರಗ ಹಾಕ್ರಿ. ತಿರಗಲಿಲ್ಲಂದ್ರ ಮಾತ ನಂಬ್ರಿ, ಹೆಗಲಿಗೆ ಕೈ ಹಚ್ಚಿ ಕರೀರಿ."

ಹಾಗೆಂದವನೇ ಅವರಿಗೆ ಬೆನ್ನು ಮಾಡಿ, ತುಳಸಿಕಟ್ಟೆಯ ಕಡೆ ಮುಖ ಹಾಕಿ ನಿಂತ. ಕಟ್ಟೆಯ ಮೇಲೆ ಯಾರೋ ಅರಿಶಿಣದಲ್ಲಿ ಸ್ವಸ್ತಿಕ ಬರೆದಿದ್ದರು. ಅದನ್ನೇ ನೋಡಿದ. ಈಗ ಬೈಯುತ್ತಿರಬಹುದು ಎಂದುಕೊಂಡ. ಯಾರೂ ಹೆಗಲು ಮುಟ್ಟಲಿಲ್ಲ. ಮನೆಯ ಮಾಡಿನಿಂದ ಪಾರಿವಾಳಗಳೆಲ್ಲ ಒಟ್ಟಿಗೆ ಎದ್ದು ಹಾರಿದವು, ಅದನ್ನೂ ನೋಡಿದ. ಇನ್ನೂ ಯಾರೂ ಮುಟ್ಟಲಿಲ್ಲ. ತಿರುಗಿದರೆ ಸುಳ್ಳುಗಾರನಾಗುತ್ತೇನೆ, ಮೇಲಿದ್ದವರು ಮೇಲೆಯೇ ಉಳಿಯುತ್ತಾರೆ ಎಂದು ಹಲ್ಲು ಕಚ್ಚಿ ನಿಂತ. ನಗುತ್ತಿದ್ದಾರೇನೋ, ನಗಲಿ. ಎಷ್ಟು ಹೊತ್ತು ನಗುತ್ತಾರೆ? ಕೊನೆಗೆ ತಡೆಯಲಾರದೆ ತಿರುಗಿ ನೋಡಿದ.

ಅಂಗಳ ಖಾಲಿಯಾಗಿತ್ತು. ಕುರ್ಚಿಗಳು ಅಡ್ಡಬಿದ್ದಿದ್ದವು. ಗಂಡಸರೆಲ್ಲ ಮಗ್ಗದ ಮನೆಯ ಬಾಗಿಲಲ್ಲಿ ಮುಗಿಬಿದ್ದಿದ್ದರು.

ನುಗ್ಗಿ ಒಳಗೆ ಹೋದ. ಒಳಗೆಲ್ಲ ಹಳದಿ ಧೂಳು. ಮೂಡಣ ಮೂಲೆಯ ತೊಲೆ ಗೋಡೆಯಿಂದ ಕಿತ್ತು ಓರೆಯಾಗಿತ್ತು. ಹಲಗೆ ಮುರಿದ ಕಂಡಿಯಿಂದ ಒಂದು ಕಾಲು ತೊಡೆಯವರೆಗೆ ಇಳಿಬಿದ್ದು ಒದ್ದಾಡುತ್ತಿತ್ತು. ಬಿರುಕುಬಿಟ್ಟ ಹಿಮ್ಮಡಿ, ಸವೆದ ಕಾಲುಂಗುರ. ಅವನಿಗೆ ಮುಖ ನೋಡಬೇಕಾಗಿರಲಿಲ್ಲ. ಯಾರೂ ಆ ಮೂಲೆಗೆ ಹೋಗದಿರಲೆಂದು, ಹೆಂಗಸರನ್ನು ಇಳಿಸುವಷ್ಟು ಹೊತ್ತೂ ಹೌಸಾಬಾಯಿ ತಾನೇ ಅಲ್ಲಿ ಅಡ್ಡ ನಿಂತಿದ್ದಳು.

ಮಗ್ಗ ಹತ್ತುವುದು ಅವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಚೌಕಟ್ಟಿನ ಮೇಲೆ ನಿಂತು ಆ ಪಾದವನ್ನು ತನ್ನ ಹೆಗಲ ಮೇಲೆ ತಂದುಕೊಂಡ. ಅವಳ ಭಾರವೆಲ್ಲ ಅವನ ಮೇಲೆ ಬಂತು, ರಕ್ತ ಅಂಗಿಯೊಳಗೆ ಇಳಿಯಿತು. ಮೇಲಿಂದ ಹರ್ಷದನೂ ಇನ್ನಿಬ್ಬರೂ ಹೊಟ್ಟೆಯ ಮೇಲೆ ತೆವಳಿ ಬಂದು ಅವಳ ರಟ್ಟೆ ಹಿಡಿದು ಎಳೆದರು. ಉಳಿದ ಹೆಂಗಸರು ಬಾಗಿಲ ಕಡೆಯ ಗಟ್ಟಿ ಹಲಗೆಗಳ ಮೇಲಿದ್ದರು, ಒಬ್ಬರಿಗೂ ಏನೂ ಆಗಲಿಲ್ಲ.

ಆಸ್ಪತ್ರೆಯಲ್ಲಿ ತೊಡೆಗೆ ಹದಿನೇಳು ಹೊಲಿಗೆ, ಮೊಣಕಾಲಿಗೆ ಪ್ಲಾಸ್ಟರ್. ಸಖಾರಾಮ ಹೊರಗೆ ಬೆಂಚಿನ ಮೇಲೆ ಕೂತಿದ್ದಾಗ ದಾದಾಸಾಹೇಬರು ಬಂದರು. ಹೊಡೆಯುತ್ತಾರೆ ಎಂದುಕೊಂಡ, ಹೊಡೆಯಲಿ ಎಂದೇ ಎದ್ದು ನಿಂತ. ಅವರು ಎದುರು ನಿಂತು, ಎರಡೂ ಕೈಯಿಂದ ಮೀಸೆಯನ್ನು ಮೇಲಕ್ಕೆತ್ತಿ ಹಿಡಿದು, ಒಂದೊಂದೇ ಮಾತಾಗಿ ಹೇಳಿದರು:

"ನಾವ ಯಾರೂ ಬೈಲಿಲ್ಲೋ ಸಖಾರಾಮಾ. ಬೈಯೂಕಿಂತ ಮೊದಲ ತೊಲಿ ಮುರೀತು. ನಿನ್ನ ಹೇಣ್ತಿ ನಿನ್ನ ಹೆಸರ ಹಿಡದ ಕೂಗಿದ್ಳು. ನಾಕ ಸಲ ಕೂಗಿದ್ಳು. ಓಣಿಗೆಲ್ಲ ಕೇಳಿಸ್ತು. ನೀ ತುಳಸಿಕಟ್ಟಿ ನೋಡಕೋತ ನಿಂತಿದ್ದಿ. ಆವಾಗ ನಂಬಿದ್ವಿ."

ಮೂವತ್ತೆರಡು ವರ್ಷದ ಸಂಸಾರದಲ್ಲಿ ಹೌಸಾಬಾಯಿ ಗಂಡನ ಹೆಸರನ್ನು ಬಾಯಲ್ಲಿ ಹೇಳಿದವಳಲ್ಲ. ರೇಷನ್ ಅಂಗಡಿಯಲ್ಲಿ ಕೇಳಿದರೂ ಪಕ್ಕದವಳ ಕಡೆ ಬೆರಳು ಮಾಡಿ ಹೇಳಿಸುವಳು. ಹೇಳಿದ್ದು ಒಂದೇ ದಿನ, ಅದನ್ನು ಕೇಳದವನು ಊರಿಗೊಬ್ಬನೇ. ಸಖಾರಾಮ ಒಳಗೆ ಹೋಗಿ ಮಂಚದ ಪಕ್ಕ ನಿಂತ.

"ನನ್ನ ಹೆಸರ ಕೂಗಿದಿ ಅಂತಲ್ಲ?"

"ಯಾರ ಹೇಳಿದ್ರು? ಹಂಗೇನ ಇಲ್ಲ ಬಿಡ್ರಿ," ಎಂದು ಹೌಸಾಬಾಯಿ ನಾಚಿ ಗೋಡೆಯ ಕಡೆ ಮುಖ ತಿರುಗಿಸಿದಳು. ಆ ಕಡೆ ಮುಖ ಮಾಡಿ ಇನ್ನೂ ಏನೋ ಅಂದಳು. ಕೆನ್ನೆಯ ಅಲುಗಾಟ ಮಾತ್ರ ಅವನಿಗೆ ಕಂಡಿತು.

ಭೂಪಾಲನಿಗೆ ಬಂದ ಹೆಸರು ಇವನಿಗೂ ಬಂತು, ಅದರಲ್ಲಿ ತಪ್ಪಿಸಿಕೊಳ್ಳುವುದಿರಲಿಲ್ಲ. ಸಿಮೆಂಟಿನ ನೆಲಕ್ಕೆ ಜನ ಇನ್ನೂ ಕರೆಯುತ್ತಾರೆ, ಮರದ ಮಾಳಿಗೆಗೆ ಕರೆಯುವವರು ಕಡಿಮೆ. ಕಿವುಡ ಎಂದು ಕೂಗಿದರೂ ಅವನಿಗೆ ಕೇಳಿಸುವುದಿಲ್ಲ, ಅದೊಂದು ಪುಣ್ಯ. ಆದರೆ ಹೆದರಿಕೆ ಹೋಗಲಿಲ್ಲ, ಜಾಗ ಬದಲಿಸಿತು ಅಷ್ಟೆ.

ಈಗ ಇಬ್ಬರೂ ಕೆಲಸಕ್ಕೆ ಹೊರಟರೆ ಹೌಸಾಬಾಯಿ ಕುಂಟುತ್ತ ಮುಂದೆ ನಡೆಯಬೇಕು, ಸಖಾರಾಮ ನಾಲ್ಕು ಹೆಜ್ಜೆ ಹಿಂದೆ. ಗಂಡನನ್ನು ಹಿಂದೆ ಬಿಟ್ಟು ನಡೆಯುವುದೆಂದರೆ ಅವಳಿಗೆ ಮೈಯೆಲ್ಲ ಮುಳ್ಳು. ಕಬನೂರಿನ ಹೆಂಗಸರು ಬಾಗಿಲಲ್ಲಿ ನಿಂತು ನಗುತ್ತಾರೆ. ಅವಳು ತಿರುಗಿ ನಿಂತು, "ಮುಂದ ನಡೀರಿ, ಮಂದಿ ಏನಂದಾರು?" ಎನ್ನುತ್ತಾಳೆ.

"ಏನರೆ ಅನ್ಲಿ," ಎನ್ನುತ್ತಾನೆ ಸಖಾರಾಮ. "ನೀ ಹಿಂದ ಬಿದ್ರ ನನಗ ಗೊತ್ತಾಗೂದಿಲ್ಲ."